ಹಳೇ ಕಾರಿನ ಹೆಡ್‌ಲೈಟ್ ವೈರಿಂಗ್: ಬೆಸುಗೆಯೋ, ಕ್ರಿಂಪೋ?

ಹೆಡ್‌ಲೈಟ್ ಮಂಕಾಗಿದೆ, ವೈರಿನ ಜಾಯಿಂಟನ್ನು ಬೆಸೆಯಬೇಕೋ, ಇಲ್ಲ ಲೋಹದ ತುದಿಯನ್ನು ತಂತಿಗೆ ಇಕ್ಕಳದಿಂದ ಒತ್ತಿ ಕಚ್ಚಿಸಬೇಕೋ (ಅದೇ ಕ್ರಿಂಪ್)? ಮೊದಲು ಜಾಯಿಂಟೇ ತಪ್ಪಿತಸ್ಥನೋ ನೋಡಿ. ದೀಪ ಉರಿಯುತ್ತಿರುವಾಗ ಬಲ್ಬಿನ ಅರ್ಥ್ ತುದಿಗೂ (ಕಾರಿನ ಬಾಡಿಗೆ ಸೇರುವ ತುದಿ) ಬ್ಯಾಟರಿಯ ಅರ್ಥ್ ಟರ್ಮಿನಲ್ಲಿಗೂ ನಡುವೆ ಮಲ್ಟಿಮೀಟರ್ ಹಿಡಿಯಿರಿ. ಅರ್ಧ ವೋಲ್ಟ್ ತೋರಿಸಿತೇ? ಬಹುತೇಕ ಬಾಡಿಯ ತುಕ್ಕೇ ಕಾರಣ. ಅರ್ಥ್ ತಂತಿ ಬಾಡಿಗೆ ಸೇರುವ ಜಾಗವನ್ನು ಉಜ್ಜಿ ಬಿಗಿ ಮಾಡಿದರೆ ಸಾಕು. 6 ವೋಲ್ಟ್ ಕಾರುಗಳಲ್ಲಿ ಈ ನಷ್ಟ ಜೋರು. 45 ವ್ಯಾಟ್ ಬಲ್ಬ್ 12 ವೋಲ್ಟಿನಲ್ಲಿ 3.75 ಆಂಪಿಯರ್ ಎಳೆದರೆ, 6 ವೋಲ್ಟಿನಲ್ಲಿ ಅದೇ ಬೆಳಕಿಗೆ 7.5 ಬೇಕು.

ಬೆಸುಗೆ ನೋಡಲು ಚೆಂದ, ಹಳೆಯ ಹಿತ್ತಾಳೆ ಬುಲೆಟ್ ತುದಿಗಳಿಗೆ (ಗುಂಡಿನಾಕಾರದ ಜೋಡಣೆ ತುದಿ) ಒಪ್ಪುತ್ತದೆ, ಕರೆಂಟನ್ನೂ ಸಲೀಸಾಗಿ ಹರಿಸುತ್ತದೆ. ಆದರೆ ಕರಗಿದ ಬೆಸುಗೆ ಲೋಹ ತಂತಿಯ ಎಳೆಗಳೊಳಗೆ ಏರಿ ಅಷ್ಟುದ್ದ ಕಡ್ಡಿಯಂತೆ ಸೆಟೆದುಕೊಳ್ಳುತ್ತದೆ. ಎಂಜಿನ್ ಅದುರಿದಾಗಲೆಲ್ಲ ತಂತಿ ಬಾಗುವುದು ಆ ಗಟ್ಟಿ ಭಾಗ ಮುಗಿಯುವಲ್ಲೇ, ತುಂಡಾಗುವುದೂ ಅಲ್ಲೇ. ಹಾಗಾಗಿ ಪಕ್ಕದಲ್ಲೇ ಕ್ಲಿಪ್ ಹಾಕಿ ವೈರನ್ನು ಹಿಡಿದಿಡಬೇಕು. ಆ್ಯಸಿಡ್ ಫ್ಲಕ್ಸ್ (ಬೆಸುಗೆ ಹಿಡಿಯಲು ಹಚ್ಚುವ ವಸ್ತು) ಮುಟ್ಟಲೇಬೇಡಿ, ತಾಮ್ರವನ್ನು ತಿನ್ನುತ್ತದೆ, ರೋಸಿನ್ (ಮರದ ರಾಳ) ಇರಲಿ. ಬಟ್ಟೆ ಸುತ್ತಿದ ಹಳೇ ವೈರಾದರೆ ಬಿಸಿಗೆ ಕವಚ ಸುಡುವ ಭಯ ಬೇರೆ.

ಕ್ರಿಂಪ್‌ಗೆ ಅದುರಾಟದ ಚಿಂತೆ ಕಡಿಮೆ. ಷರತ್ತು ಒಂದೇ: ಅಳತೆಗೆ ತಕ್ಕ ಟರ್ಮಿನಲ್, ರ್‍ಯಾಚೆಟ್ ಇರುವ (ಪೂರ್ತಿ ಒತ್ತುವವರೆಗೆ ಬಿಡದ) ಇಕ್ಕಳ. ಸಾಮಾನ್ಯ ಪ್ಲೈಯರ್‌ನಲ್ಲಿ ಜಜ್ಜಿದ್ದು ಕ್ರಿಂಪ್ ಅಲ್ಲ. ಎಳೆದು ನೋಡಿ, ಜಾರಿದರೆ ಕತ್ತರಿಸಿ ಮತ್ತೆ ಹಾಕಿ.

ಪ್ರದರ್ಶನಕ್ಕೆ ಮೂಲ ರೂಪವೇ ಬೇಕೆಂದರೆ ಬೆಸುಗೆ. ರಾತ್ರಿ ರಸ್ತೆಗಿಳಿಸುವ ಕಾರಾದರೆ ನನ್ನ ಮತ ಕ್ರಿಂಪ್‌ಗೆ, ಮೇಲೆ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ). ಯಾವುದನ್ನೇ ಮಾಡಿ, ಬ್ಯಾಟರಿ ಕಳಚುವಾಗ ಅರ್ಥ್ ತಂತಿ ಮೊದಲು. ಹಳೇ ಕಾರುಗಳಲ್ಲಿ ಅದು ಪಾಸಿಟಿವ್ ಕಡೆಯೂ ಇರಬಹುದು.