ದಾವಣಗೆರೆಯಿಂದ ಸೂಳೆಕೆರೆ ದಂಡೆಗೆ ವಾರ ವಾರ ಹೂವು: ಮೂರು ವರ್ಷ ಕಳಿಸಿದ ಮೇಲೆ

ನನ್ನ ತವರು ಸೂಳೆಕೆರೆ ದಂಡೆಯ ಒಂದು ಸಣ್ಣ ಊರು. ಸರ್ಕಾರಿ ಬೋರ್ಡಿನಲ್ಲಿ ಶಾಂತಿಸಾಗರ, ನಮ್ಮ ಬಾಯಲ್ಲಿ ಸೂಳೆಕೆರೆ. ನಾನಿರುವುದು ದಾವಣಗೆರೆಯಲ್ಲಿ. 2022ರ ಶ್ರಾವಣದಿಂದ ಅವ್ವ ಮತ್ತು ಅಜ್ಜಿಗೆ ವಾರಕ್ಕೊಮ್ಮೆ ಇಲ್ಲಿಂದ ಹೂವು ಕಳಿಸುತ್ತಿದ್ದೇನೆ. ಹಳೇ ದಾವಣಗೆರೆಯ ಒಂದು ಹೂವಿನ ಅಂಗಡಿ, ಚನ್ನಗಿರಿ ಕಡೆ ಹೋಗುವ ಒಂದು ಪ್ರೈವೇಟ್ ಬಸ್ಸು. ಸರ್ವಿಸ್ ಅಂದರೆ ಇಷ್ಟೇ. ಆಪ್ ಇಲ್ಲ, ಟ್ರ್ಯಾಕಿಂಗ್ ಇಲ್ಲ. ಕಂಡಕ್ಟರ್ ಫೋನ್ ಎತ್ತಿದರೆ ಅದೇ ಟ್ರ್ಯಾಕಿಂಗ್.

ಕೆರೆ ದಂಡೆಯ ಊರಿಗೆ ಹೊರಗಿಂದ ಹೂವು ಯಾಕೆ ಅಂತ ತುಂಬಾ ಜನ ಕೇಳಿದ್ದಾರೆ. ನೀರೇನೋ ಇದೆ. ಆದರೆ ಆ ನೀರೆಲ್ಲ ಅಡಿಕೆ ತೋಟಕ್ಕೆ, ಭತ್ತದ ಗದ್ದೆಗೆ. ಹೂವು ಬೆಳೆಯುವವರು ನಮ್ಮ ಕಡೆ ಕಮ್ಮಿ. ಹಿತ್ತಲಲ್ಲಿ ಎರಡು ದಾಸವಾಳ, ಒಂದು ಕಣಗಿಲೆ ಗಿಡ ಇದ್ದರೆ ದೊಡ್ಡದು. ಊರ ಕಿರಾಣಿ ಅಂಗಡಿಗೆ ಹಬ್ಬಕ್ಕಷ್ಟೇ ಹೂವು ಬರುತ್ತದೆ, ಅದೂ ಬಾಡಿದ್ದು. ತಮಾಷೆ ನೋಡಿ, ಚಿತ್ರದುರ್ಗದವರು ಕುಡಿಯುವುದು ನಮ್ಮ ಕೆರೆಯ ನೀರು. ನಮ್ಮ ಅವ್ವ ದೇವರಿಗೆ ಏರಿಸುವುದು ದುರ್ಗದ ಕಡೆಯ ಸೇವಂತಿಗೆ.

ಮೊದಲು ನಾನೂ ಎಲ್ಲರ ಹಾಗೆ ಆನ್‌ಲೈನಲ್ಲೇ ನೋಡಿದ್ದೆ. 2022ರ ಮೇ ತಿಂಗಳು, ಅಮ್ಮಂದಿರ ದಿನ. ಒಂದು ವೆಬ್‌ಸೈಟಿನಲ್ಲಿ ಪಿನ್‌ಕೋಡ್ ಹಾಕಿದೆ, ಹಸಿರು ಟಿಕ್ ಬಂತು. 899 ರೂಪಾಯಿ ಕಟ್ಟಿದೆ. ಭಾನುವಾರ ಬರಬೇಕಿದ್ದ ಬೊಕ್ಕೆ ಮಂಗಳವಾರ ಬಂತು. ಬಂದಿದ್ದೂ ಮನೆಗಲ್ಲ. ‘ಒಳಗೆ ಬರಕ್ಕಾಗಲ್ಲ ಮೇಡಂ, ಕ್ರಾಸಿಗೆ ಬಂದು ತಗೊಳ್ಳಿ’ ಅಂತ ಹುಡುಗ ಫೋನ್ ಮಾಡಿದ. ಅಪ್ಪ ಟಿವಿಎಸ್ ಹತ್ತಿ ಹೋಗಿ ತಂದರು. ಕೆಂಪು ಗುಲಾಬಿ, ಹಳದಿ ಜರ್ಬೆರಾ, ಸುತ್ತ ಪರಪರ ಅನ್ನುವ ಪ್ಲಾಸ್ಟಿಕ್ಕು, ಮೊಳದುದ್ದದ ಕಡ್ಡಿಗಳು. ಅಜ್ಜಿ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ‘ಇದನ್ನ ಎಲ್ಲಿಂದ ಮುಡೀಬೇಕೇ?’ ಅಂದಳಂತೆ. ಕಡ್ಡಿ ಚುಚ್ಚಿದ್ದ ಹಸಿರು ಸ್ಪಂಜಿನ ತುಂಡನ್ನು ಅವ್ವ ಬಟ್ಟೆ ಸೋಪು ಅಂತ ಬಚ್ಚಲಲ್ಲಿ ಇಟ್ಟಿದ್ದಳು. ವಾರ ಬಿಟ್ಟು ನಾನು ಹೋದಾಗಲೂ ಅದು ಅಲ್ಲೇ ಇತ್ತು.

ಬೊಕ್ಕೆ ಕೆಟ್ಟದ್ದು ಅಂತಲ್ಲ. ಆಫೀಸಿನಲ್ಲಿ ಯಾರಾದರೂ ರಿಟೈರ್ ಆದರೆ ನಾನೇ ತರುತ್ತೇನೆ. ಆದರೆ ನಮ್ಮ ಮನೆಯಲ್ಲಿ ಹೂವು ಅಂದರೆ ಒಂದೋ ಮುಡಿಯಬೇಕು, ಇಲ್ಲ ದೇವರಿಗೆ ಏರಿಸಬೇಕು, ಮಿಕ್ಕಿದ್ದನ್ನು ಅಕ್ಕಪಕ್ಕದವರಿಗೆ ತುಂಡು ಮಾಡಿ ಕೊಡಬೇಕು. ಬೊಕ್ಕೆಯನ್ನು ತುಂಡು ಮಾಡಿ ಹಂಚೋಕಾಗುತ್ತಾ?

ಆಮೇಲೆ ಸಿಕ್ಕಿದ್ದೇ ಈ ಅಂಗಡಿ. ಅಣ್ಣ ವ್ಯಾಪಾರ ನೋಡಿಕೊಳ್ಳುತ್ತಾರೆ, ಅವರ ಮನೆಯವರು ಕಟ್ಟುತ್ತಾರೆ. ನಾನು ಮೊದಲು ಕೇಳಿದ್ದು ಶುಕ್ರವಾರ ಬೆಳಿಗ್ಗೆ ಆರೂವರೆ ಬಸ್ಸಿಗೆ ಅಂತ. ಶುಕ್ರವಾರದ ಪೂಜೆಗೆ ಅಲ್ವಾ, ಅದಕ್ಕೆ. ಎರಡು ವಾರ ಹಾಗೇ ಕಳಿಸಿದರು. ಎರಡು ವಾರವೂ ಮಲ್ಲಿಗೆ ಪೂರ್ತಿ ಅರಳಿ, ಊರು ಮುಟ್ಟುವಷ್ಟರಲ್ಲಿ ಎಸಳು ಉದುರಿತ್ತು. ನಾನು ಜಗಳಕ್ಕೇ ಹೋಗಿದ್ದೆ. ಅಣ್ಣ ಸಮಾಧಾನವಾಗಿ ವಿಷಯ ಹೇಳಿದರು. ಮಲ್ಲಿಗೆ ಮೊಗ್ಗನ್ನು ಬೆಳಗಿನ ಜಾವ ಕೀಳುತ್ತಾರೆ, ಅದು ಅರಳುವುದು ಅವತ್ತೇ ಸಾಯಂಕಾಲ. ಶುಕ್ರವಾರ ಆರೂವರೆ ಬಸ್ಸಿಗೆ ಹಾಕುವುದು ಗುರುವಾರದ ಮೊಗ್ಗು. ರಾತ್ರಿಯೆಲ್ಲ ಅಂಗಡಿಯಲ್ಲೇ ಅರಳಿ, ಪಯಣ ಶುರು ಮಾಡುವ ಹೊತ್ತಿಗೆ ಅದರ ಆಯಸ್ಸು ಅರ್ಧ ಮುಗಿದಿರುತ್ತದೆ. ‘ಗುರುವಾರ ಮಧ್ಯಾಹ್ನದ ಬಸ್ಸಿಗೆ ಹಾಕ್ತೀನಿ ಅಕ್ಕಾ. ಮೊಗ್ಗು ಹೋಗ್ಲಿ. ಅಲ್ಲಿ ಹೋಗಿ ಅರಳ್ಲಿ’ ಅಂದರು.

ಅಲ್ಲಿಂದ ಇಲ್ಲಿವರೆಗೂ ಅದೇ ಲೆಕ್ಕ. ಬೆಳಿಗ್ಗೆ ಹಡಗಲಿ ಕಡೆಯ ಮಲ್ಲಿಗೆ ಬರುತ್ತದೆ, ಹನ್ನೊಂದರೊಳಗೆ ಕಟ್ಟಿ ಮುಗಿಯುತ್ತದೆ, ಊಟದ ಹೊತ್ತಿಗೆ ಊರಲ್ಲಿ. ಸಂಜೆ ದೀಪ ಹಚ್ಚುವಾಗ ಅಜ್ಜಿಯ ತಲೆಯಲ್ಲಿ ಅರಳುತ್ತದೆ. ಶುಕ್ರವಾರಕ್ಕೆ ಬೇಕಾದಷ್ಟನ್ನು ಅವ್ವ ಒದ್ದೆ ಬಟ್ಟೆಯಲ್ಲಿ ಸುತ್ತಿ ಸ್ಟೀಲ್ ಡಬ್ಬಿಗೆ ಹಾಕಿ ಫ್ರಿಡ್ಜಿನ ಕೆಳಗಿನ ತರಕಾರಿ ಡ್ರಾಯರಿನಲ್ಲಿ ಇಡುತ್ತಾಳೆ.

ಪ್ಯಾಕಿಂಗಿಗೆ ನಾನು ಪೂರ್ತಿ ಮಾರ್ಕ್ಸ್ ಕೊಡುತ್ತೇನೆ. ನೆನೆಸಿದ ಬಾಳೆನಾರಿನಲ್ಲಿ ಕಟ್ಟುತ್ತಾರೆ. ದಾರಕ್ಕಿಂತ ನಾರು ತಂಪು ಹಿಡಿಯುತ್ತದೆ, ತೊಟ್ಟನ್ನೂ ಕತ್ತರಿಸುವುದಿಲ್ಲ. ಮಧ್ಯೆ ಮಧ್ಯೆ ಎರಡು ಎಸಳು ಮರುಗ. ಸುರುಳಿ ಸುತ್ತಿ ಬಾಳೆ ಎಲೆಯಲ್ಲಿಟ್ಟು, ಮೇಲೆ ಒದ್ದೆ ಮಾಡಿ ಹಿಂಡಿದ ಪೇಪರು. ಹೂವಿನ ಮೇಲೆ ನೀರು ಚಿಮುಕಿಸುವುದಿಲ್ಲ. ಪ್ಲಾಸ್ಟಿಕ್ ಕವರ್ ಇದ್ದರೂ ಬಾಯಿ ಕಟ್ಟುವುದಿಲ್ಲ. ಕಟ್ಟಿದರೆ ಒಳಗೆ ಬೆವರಿ, ಎಸಳಿನ ಮೇಲೆ ಕಂದು ಕಲೆ ಏಳುತ್ತದೆ. ಮೊದಲ ಬೇಸಿಗೆಯಲ್ಲಿ ನಾನೇ ಜಾಣತನ ಮಾಡಿ ಜಿಪ್ ಕವರ್ ಕೊಟ್ಟಿದ್ದೆ. ಅವತ್ತು ಹೋಗಿದ್ದು ಹೂವಲ್ಲ, ಬೇಯಿಸಿದ ಸೊಪ್ಪು.

ಬಸ್ಸಿನ ಕಥೆ ಬೇರೆ. ಪ್ರೈವೇಟ್ ಬಸ್ಸಿನಲ್ಲಿ ಪಾರ್ಸೆಲ್ ಇಡುವ ಜಾಗ ನಿಮಗೆ ಗೊತ್ತೇ ಇರುತ್ತದೆ, ಡ್ರೈವರ್ ಪಕ್ಕದ ಬಾನೆಟ್. ಕೆಳಗೆ ಎಂಜಿನ್. ಏಪ್ರಿಲ್ ಬಿಸಿಲಲ್ಲಿ ಅದರ ಮೇಲೆ ಇಡ್ಲಿ ಬೇಯಿಸಬಹುದು. ಮೂರು ವಾರ ಬಾಡಿದ ಹೂವು ಹೋದ ಮೇಲೆ ಇದು ತಿಳಿಯಿತು. ಈಗ ಕವರಿಗೆ ಒಂದು ಕೊಕ್ಕೆ ಕಟ್ಟಿಸಿದ್ದೇನೆ, ಕಂಡಕ್ಟರ್ ಅಣ್ಣ ಕಿಟಕಿ ಸರಳಿಗೆ ನೇತು ಹಾಕುತ್ತಾರೆ. ಇನ್ನೊಂದು ಸಲ ಯಾರದೋ ಮಾಗಿದ ಬಾಳೆಗೊನೆ ಜೊತೆ ಒಂದೇ ಚೀಲದಲ್ಲಿ ಹೋಗಿ ಎಲ್ಲಾ ಸೊರಗಿತ್ತು. ಮಾಗಿದ ಹಣ್ಣಿನಿಂದ ಎಥಿಲೀನ್ ಅನ್ನುವ ಗಾಳಿ ಬರುತ್ತದೆ, ಅದು ತಾಗಿದರೆ ಹೂವು ಬೇಗ ಮುಪ್ಪಾಗುತ್ತದೆ. ಫ್ರಿಡ್ಜಿನಲ್ಲೂ ಇದೇ ಮಾತು, ಬಾಳೆಹಣ್ಣು ಸೇಬಿನ ಪಕ್ಕ ಹೂವು ಇಡಬೇಡಿ.

ಕಂಡಕ್ಟರ್ ಬದಲಾದ ವಾರ ಮಾತ್ರ ದೇವರೇ ಗತಿ. ಒಮ್ಮೆ ಹೊಸಬ ಮರೆತು ಕವರ್ ಚನ್ನಗಿರಿ ಸ್ಟ್ಯಾಂಡಿಗೆ ಹೋಯಿತು. ವಾಪಸ್ ಬಂದಾಗ ಸಂಜೆ ಐದು ಗಂಟೆ. ಅಪ್ಪ ಅಷ್ಟು ಹೊತ್ತೂ ಸ್ಟಾಪಿನ ಕಟ್ಟೆ ಮೇಲೆ ಕೂತಿದ್ದರು. ‘ಟೀ ಕುಡಿದು ಕುಡಿದು ಹೂವಿಗಿಂತ ಜಾಸ್ತಿ ದುಡ್ಡಾಯ್ತು’ ಅಂತ ಈಗಲೂ ಆಡಿಕೊಳ್ಳುತ್ತಾರೆ.

ಖರ್ಚು ಹೇಳುತ್ತೇನೆ. ಮಾಮೂಲಿ ವಾರದಲ್ಲಿ ಒಂದು ಮಾರು ಮಲ್ಲಿಗೆ 100, ಒಂದು ಮಾರು ಸೇವಂತಿಗೆ 80, ಎರಡು ಮೊಳ ಕನಕಾಂಬರ 40, ಬಸ್ಸಿಗೆ 30. ಒಟ್ಟು 250. ಶುರು ಮಾಡಿದಾಗ ಮಲ್ಲಿಗೆ 60, ಬಸ್ಸಿಗೆ 20 ಇತ್ತು. ಅಂದರೆ ಒಂದು ಬೊಕ್ಕೆಯ ದುಡ್ಡಿಗೆ ಇನ್ನೊಂದು ನೂರು ಸೇರಿಸಿದರೆ ತಿಂಗಳಿಡೀ ಹೂವು.

ಆದರೆ ಹಬ್ಬದ ವಾರ ಈ ಲೆಕ್ಕ ನಡೆಯುವುದಿಲ್ಲ. ವರಮಹಾಲಕ್ಷ್ಮಿಗೆ ಮಲ್ಲಿಗೆ ಮಾರಿಗೆ 300 ಆಗಿದ್ದೂ ಇದೆ. 2024ರ ಮಾರ್ಚಿನಲ್ಲಿ ದಾವಣಗೆರೆಯ ದುಗ್ಗಮ್ಮನ ಜಾತ್ರೆ ಬಂದಾಗ ಇಲ್ಲಿನ ಹೂವೆಲ್ಲ ಗುಡಿ ಕಡೆಗೇ ಹೋಗಿ, ನಮ್ಮ ವಾರ ತಪ್ಪಿತು. ಅದು ಸರಿ, ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಯಾರನ್ನು ಬೈಯುವುದು. ನನಗೆ ಬೇಜಾರಾಗಿದ್ದು ಇನ್ನೊಂದಕ್ಕೆ. ಒಂದು ಗೌರಿ ಹಬ್ಬಕ್ಕೆ ಮಲ್ಲಿಗೆ ದುಡ್ಡು ತಗೊಂಡು ಕಾಕಡ ಕಟ್ಟಿ ಕಳಿಸಿದ್ದರು. ಕಾಕಡ ನೋಡಲು ಮಲ್ಲಿಗೆ ಥರವೇ, ಬಾಡುವುದೂ ನಿಧಾನ, ಆದರೆ ಮಲ್ಲಿಗೆಯ ಘಮ ಎಲ್ಲಿ ಬರಬೇಕು? ಅಜ್ಜಿಗೆ ಕಣ್ಣು ಮಂಜು, ಮೂಗು ಚುರುಕು. ‘ಇದು ಮಲ್ಲಿಗೆ ಅಲ್ಲ ಬಿಡು’ ಅಂತ ಸುಮ್ನೆ ಬದಿಗಿಟ್ಟಳಂತೆ. ತವರಿಂದ ನನಗೆ ಬಾಗಿನ ಬಂದ ದಿನವೇ ನಾನು ಕಳಿಸಿದ ಹೂವು ಹೀಗಾದರೆ ಹೇಗಿರುತ್ತದೆ! ಕೇಳಿದಾಗ ಅಣ್ಣ ತಪ್ಪು ಒಪ್ಪಿಕೊಂಡು ಮುಂದಿನ ವಾರದ ದುಡ್ಡು ಹಿಡಿಯಲಿಲ್ಲ. ಅಂದಿನಿಂದ ಹೂವು ಬದಲಾದರೆ ಮೊದಲೇ ಫೋನ್ ಮಾಡುತ್ತಾರೆ.

ಯಾವ ಹೂವು ಎಷ್ಟು ತಡೆಯುತ್ತದೆ ಅಂತ ಕೇಳುವವರಿಗೆ: ಸೇವಂತಿಗೆ ಕಣ್ಣು ಮುಚ್ಚಿ ಕಳಿಸಿ, ನಾಲ್ಕು ದಿನ ದೇವರ ಫೋಟೋ ಮೇಲೆ ಇರುತ್ತದೆ. ಕನಕಾಂಬರ ಎರಡು ದಿನ, ವಾಸನೆ ಇಲ್ಲ, ತೂಕವೂ ಇಲ್ಲ. ಅಜ್ಜಿಗೆ ಈಗ ಕೂದಲು ತೆಳ್ಳಗಾಗಿರುವುದರಿಂದ ಅದೇ ಹಿತ. ಬಿಡಿ ಗುಲಾಬಿ ಬಸ್ಸಿಗೆ ಆಗುವುದಿಲ್ಲ, ನಾಲ್ಕು ಸಲ ನೋಡಿ ಬಿಟ್ಟೆ. ಸುಗಂಧರಾಜದ ಹಾರ ಚೆನ್ನಾಗಿ ತಲುಪುತ್ತದೆ. ಊರಿಂದ ಯಾರಾದರೂ ಸಿದ್ಧೇಶ್ವರನ ಗುಡಿಗೆ ಹೋಗುವುದಿದ್ದರೆ ಅದನ್ನೇ ಹಾಕಿಸುತ್ತೇನೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಕಳೆದ ಆ ಒಂದು ಅಂಕ ಅಳತೆಗೆ. ಒಂದು ಮಾರು ಅಂದರೆ ನಾಲ್ಕು ಮೊಳ, ಎರಡೂ ಕೈ ಚಾಚಿದಷ್ಟು. ಅಣ್ಣ ಎತ್ತರದ ಆಳು, ಅವರು ಅಳೆದ ವಾರ ಭರ್ತಿ ಇರುತ್ತದೆ. ಅಂಗಡಿಯ ಹುಡುಗನಿಗೆ ಇನ್ನೂ ಹದಿನೆಂಟು, ಗಿಡ್ಡ, ಕೈಯೂ ಗಿಡ್ಡ. ಅವನು ಅಳೆದ ವಾರ ಅವ್ವನ ಫೋನ್ ಬಂದೇ ಬರುತ್ತದೆ. ಅವಳು ಹೂವು ಬಿಚ್ಚಿದ ಕೂಡಲೇ ಮೊಣಕೈ ಮಡಚಿ ಅಳೆಯುವುದೇ ಮೊದಲ ಕೆಲಸ, ಮೂಸುವುದು ಆಮೇಲೆ.

ಹೋದ ಗುರುವಾರ ಕೂಡ ಫೋನ್ ಬಂತು. ‘ಅರ್ಧ ಮೊಳ ಕಮ್ಮಿ ಐತೆ, ಹೇಳು ಅವನಿಗೆ.’ ನಾನು ಅಂಗಡಿಗೆ ಹೋಗಿ ಹೇಳಿದೆ. ಅಣ್ಣ ಹುಡುಗನ ಕಡೆ ನೋಡಿದರು, ಹುಡುಗ ನನ್ನ ಕಡೆ ನೋಡಿದ.

‘ಅಕ್ಕಾ, ನಿಮ್ಮ ಅವ್ವನ ಮೊಳ ಉದ್ದ ಇರ್ಬೇಕು’ ಅಂದ.