ಕೆತ್ತುವ ಕಿಟ್ ಬೇಡ, ಇಡೀ ಕುಂಬಳಕಾಯಿ ಸಾಕು

ಪುಟ್ಟ ಮಕ್ಕಳಿಗೆ ಮನೆಯಲ್ಲೇ ಹ್ಯಾಲೋವೀನ್ ಪಾರ್ಟಿ ಮಾಡಬೇಕು ಅಂದುಕೊಂಡಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾವಿರುವುದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ. 2025ರಲ್ಲಿ ಹ್ಯಾಲೋವೀನ್ ದಿನ, ಅಂದರೆ ಅಕ್ಟೋಬರ್ 31, ಶುಕ್ರವಾರ ಬಂದಿತ್ತು. ಮರುದಿನ ಶಾಲೆ ಇಲ್ಲ, ಈ ಸಲ ಮಾಡೇ ಬಿಡೋಣ ಅಂತ ಮಗಳ ಓರಗೆಯ ಒಂಬತ್ತು ಮಕ್ಕಳನ್ನು ಕರೆದೆವು. ಎಲ್ಲರೂ ಮೂರರಿಂದ ಆರು ವರ್ಷದವರು. ಸಂಜೆ 4ರಿಂದ 5.30ರವರೆಗೆ ಮನೆಯಲ್ಲಿ ಆಟ, ತಿಂಡಿ. ಕತ್ತಲಾಗುವ ಹೊತ್ತಿಗೆ ಎಲ್ಲರೂ ಸೇರಿ ಮನೆಮನೆಗೆ ಕ್ಯಾಂಡಿ ಕೇಳಲು ಹೋಗುವುದು. ಇದಕ್ಕೆ ಏನೇನು ಕೊಂಡೆ, ಯಾವುದು ಕೆಲಸಕ್ಕೆ ಬಂತು, ಯಾವುದರಲ್ಲಿ ದುಡ್ಡು ದಂಡವಾಯಿತು, ಎಲ್ಲವನ್ನೂ ಹೇಳುತ್ತೇನೆ.

ಮೊದಲು ಕುಂಬಳಕಾಯಿ ಕೆತ್ತುವ ಕಿಟ್, ಅಂದರೆ ಈ ಹಬ್ಬಕ್ಕೆ ಕಾಯಿಯಲ್ಲಿ ಮುಖ ಕೆತ್ತಿ ಬಾಗಿಲಲ್ಲಿಡಲು ಬೇಕಾದ ಸಾಮಾನು. ಮಕ್ಕಳಿಗೆ ಸುರಕ್ಷಿತ ಅಂತ ದೊಡ್ಡದಾಗಿ ಬರೆದಿದ್ದ ಒಂದನ್ನು ಆನ್‌ಲೈನ್‌ನಲ್ಲಿ ತರಿಸಿದೆ. 14 ಡಾಲರ್. ಎರಡು ಪುಟ್ಟ ಗರಗಸ, ತಿರುಳು ಕೆರೆಯಲು ಒಂದು ಸೌಟು, ಮುಖದ ಚಿತ್ರಗಳಿರುವ ಹಾಳೆಗಳು. ಹಿಂದಿನ ರಾತ್ರಿ ನಾನೇ ಕೂತು ಒಂದು ಕಾಯಿ ಕೆತ್ತಿ ನೋಡಿದೆ. ಒಂದು ಕಣ್ಣು ಮುಗಿಯುವಷ್ಟರಲ್ಲಿ ಮೊದಲ ಗರಗಸ ಬಾಗಿತು, ಎರಡನೆಯದರ ಹಿಡಿ ಕಿತ್ತು ಕೈಗೆ ಬಂತು. ಒಳಗಿನ ಲೋಳೆ ಹಿಡಿಗೆ ಮೆತ್ತಿಕೊಂಡರೆ ದೊಡ್ಡವರ ಕೈಯೇ ಜಾರುತ್ತದೆ, ಇನ್ನು ನಾಲ್ಕು ವರ್ಷದ ಮಗುವಿಗೆ ಅದನ್ನು ಹೇಗೆ ಕೊಡುವುದು? ಕೊನೆಗೆ ಆಗುವುದು ಏನಂದ್ರೆ ಅಪ್ಪ ಅಮ್ಮ ಕೆತ್ತುತ್ತಾರೆ, ಮಕ್ಕಳು ಸುಮ್ನೆ ನೋಡುತ್ತಾ ಕೂರುತ್ತಾರೆ. ಆರು ವರ್ಷದೊಳಗಿನವರಿಗೆ ಈ ಕಿಟ್ ಖಂಡಿತ ಬೇಡ. ಅದೂ ಅಲ್ಲದೆ ಕೆತ್ತಿದ ಕಾಯಿ ಕೆಲವೇ ದಿನಕ್ಕೆ ಸೊರಗಿ ಬೂಸ್ಟು ಹಿಡಿಯುತ್ತದೆ. ಕೆತ್ತದೆ ಇಟ್ಟದ್ದು ವಾರಗಟ್ಟಲೆ ಬಾಗಿಲಲ್ಲಿ ಚೆನ್ನಾಗಿ ಕೂತಿರುತ್ತದೆ.

ಅದಕ್ಕೇ ಮಕ್ಕಳಿಗೆ ಇಡೀ ಕಾಯಿಯನ್ನೇ ಕೊಟ್ಟೆ. ದೊಡ್ಡ ಕಾಯಿ ಬೇಡ. ಇಲ್ಲಿ ಶುಗರ್ ಪಂಪ್ಕಿನ್ ಅಥವಾ ಪೈ ಪಂಪ್ಕಿನ್ ಅಂತ ಮಾರುತ್ತಾರಲ್ಲ, ಮಗು ಎರಡು ಕೈಯಲ್ಲಿ ತಬ್ಬಿಕೊಂಡು ಓಡಾಡುವಷ್ಟು ಚಿಕ್ಕದು, ಅದೇ ಸರಿ. ಊರಿಂದ ಬಂದಿದ್ದ ನಮ್ಮಮ್ಮ ಅಡುಗೆಮನೆಯಲ್ಲಿ ಸಾಲಾಗಿ ಇಟ್ಟಿದ್ದ ಕಾಯಿಗಳನ್ನು ನೋಡಿ, "ಇಷ್ಟು ಚೆನ್ನಾಗಿರೋ ಸಿಹಿಗುಂಬಳನ ಯಾರಾದ್ರೂ ಹೊರಗಿಟ್ಟು ಕೊಳೆಸ್ತಾರೇನೇ?" ಅಂದರು. ಅವರ ಮಾತಿನಲ್ಲಿ ನ್ಯಾಯ ಇತ್ತು. ಎರಡು ಕಾಯಿ ಜಾಸ್ತಿ ತಂದಿದ್ದೆ, ಅವು ಹುಳಿಗೂ ಪಲ್ಯಕ್ಕೂ ಹೋದವು. ಈ ಚಿಕ್ಕ ಕಾಯಿಯ ತಿರುಳು ಗಟ್ಟಿ, ಸಿಹಿ. ಕೆತ್ತಲು ಮಾರುವ ದೊಡ್ಡ ಕಾಯಿಯದು ನಾರು ನಾರು, ನೀರು ಜಾಸ್ತಿ, ಪಲ್ಯ ಮಾಡಿದರೆ ರುಚಿಯೇ ಬರುವುದಿಲ್ಲ. ಆದರೆ ಕೆತ್ತುವಾಗ ಸಿಕ್ಕ ಬೀಜ ಎಸೆಯಬೇಡಿ. ತೊಳೆದು ಒಣಗಿಸಿ, ಉಪ್ಪು ಖಾರ ಸವರಿ ಓವನ್‌ನಲ್ಲಿ ಹುರಿದರೆ ಟೀ ಜೊತೆ ಚೆನ್ನಾಗಿರುತ್ತದೆ. ಇದು ದೊಡ್ಡವರಿಗೆ ಮಾತ್ರ.

ಕಾಯಿಗೆ ಬಣ್ಣ ಹಚ್ಚಲು ಕ್ರಯೋಲಾದ ತೊಳೆದರೆ ಹೋಗುವ ಬಣ್ಣ ತಂದಿದ್ದೆ. ಬಟ್ಟೆಯಿಂದ ನಿಜಕ್ಕೂ ಹೋಯಿತು, ಅದಕ್ಕೆ ಪೂರ್ತಿ ಅಂಕ. ಒಂದು ವಿಷಯ ಮಾತ್ರ ತಿಳಿದಿರಲಿ: ಕುಂಬಳಕಾಯಿಯ ಸಿಪ್ಪೆ ನುಣುಪು, ತೊಳೆಯುವ ಬಣ್ಣ ಅದರ ಮೇಲೆ ಒಣಗಿದ ಮೇಲೆ ಹಕ್ಕಳೆ ಹಕ್ಕಳೆಯಾಗಿ ಏಳುತ್ತದೆ, ಮಳೆ ಬಿದ್ದರೆ ಇಳಿದೇ ಹೋಗುತ್ತದೆ. ಬಣ್ಣಕ್ಕೆ ಸ್ವಲ್ಪ ಬಿಳಿ ಅಂಟು ಕಲಸಿ ಕೊಟ್ಟ ಮೇಲೆ ಪರವಾಗಿಲ್ಲ ಅನ್ನಿಸುವಷ್ಟು ನಿಂತಿತು.

ಬಣ್ಣಕ್ಕಿಂತ ಗೆದ್ದದ್ದು ಗಾಲ್ಫ್ ಟೀ. ಗಾಲ್ಫ್ ಆಡುವವರು ಚೆಂಡು ಕೂರಿಸಲು ನೆಲಕ್ಕೆ ಚುಚ್ಚುತ್ತಾರಲ್ಲ, ಆ ಪುಟ್ಟ ಮರದ ಮೊಳೆ. ನೂರರ ಒಂದು ಪೊಟ್ಟಣ ಮತ್ತು ಆಟದ ಮರದ ಸುತ್ತಿಗೆ ಇದ್ದರೆ ಆಯಿತು. ಸ್ಕ್ರೂಡ್ರೈವರ್‌ನಿಂದ ನಾನು ಮೊದಲೇ ಅಲ್ಲಲ್ಲಿ ತೂತು ಮಾಡಿಟ್ಟಿದ್ದೆ, ಇಲ್ಲದಿದ್ದರೆ ಸಿಪ್ಪೆ ಗಟ್ಟಿ, ಮಕ್ಕಳ ಏಟಿಗೆ ಮೊಳೆ ಇಳಿಯುವುದಿಲ್ಲ. ಬಂದಾಗಿನಿಂದ ಅಮ್ಮನ ಸೆರಗು ಬಿಡದಂತೆ ಚೂಡಿದಾರದ ಅಂಚು ಹಿಡಿದುಕೊಂಡಿದ್ದ ಮೂರು ವರ್ಷದ ಒಬ್ಬ ಹುಡುಗ ಇದ್ದ. ಸುತ್ತಿಗೆ ಕೈಗೆ ಕೊಟ್ಟೆ. ಎರಡೂ ಕೈಯಲ್ಲಿ ಹಿಡಿದು, ನಾಲಿಗೆಯ ತುದಿ ಹೊರಗಿಟ್ಟುಕೊಂಡು ಒಂದು ಏಟು ಹಾಕಿದ. ಟಕ್ ಅಂತ ಮೊಳೆ ಒಳಗೆ ಹೋಯಿತು, ಪಕ್ಕದಲ್ಲಿ ಒಂದು ಹನಿ ರಸ ಜಿನುಗಿತು. ಅದನ್ನು ಬೆರಳಲ್ಲಿ ಮುಟ್ಟಿ ನೋಡಿದ, ನನ್ನ ಮುಖ ನೋಡಿದ, ಇನ್ನೊಂದು ಮೊಳೆಗೆ ಕೈಚಾಚಿದ. ಆಮೇಲೆ ಇಪ್ಪತ್ತು ನಿಮಿಷ ಅವನು ಕೂತಲ್ಲಿಂದ ಏಳಲಿಲ್ಲ. ಐದಾರು ಡಾಲರಿನ ಸಾಮಾನು ಅದು!

ಅಲಂಕಾರಕ್ಕೆ ಡಾಲರ್ ಟ್ರೀ ಅನ್ನುವ ಅಗ್ಗದ ಅಂಗಡಿ ಸಾಕು. 2021ರ ಕೊನೆಯಲ್ಲಿ ಅಲ್ಲಿನ ಸಾಮಾನಿನ ಬೆಲೆ ಒಂದು ಡಾಲರ್ ಹೋಗಿ ಒಂದೂಕಾಲು ಡಾಲರ್ ಆಯಿತು, ಈಗ ಕೆಲವು ಸಾಮಾನಿಗೆ ಇನ್ನೂ ಜಾಸ್ತಿ, ಆದರೂ ಕಾಗದದ ಬಾವಲಿ, ಕಿತ್ತಳೆ ಬಣ್ಣದ ತಟ್ಟೆ ಲೋಟಕ್ಕೆ ಬೇರೆ ಕಡೆ ಹೋಗಬೇಕಿಲ್ಲ. ತಲೆಬುರುಡೆ, ರಕ್ತದ ಕೈ, ಕಿರುಚುವ ಗೊಂಬೆ ಇವನ್ನೆಲ್ಲ ಮುಟ್ಟಬೇಡಿ. ಈ ವಯಸ್ಸಿನವರಿಗೆ ಅದು ಆಟ ಅಂತ ಗೊತ್ತಾಗುವುದಿಲ್ಲ, ರಾತ್ರಿ ನಿದ್ದೆಗೆಡುತ್ತಾರೆ.

ಈಗ ಜೋರಾಗಿ ಹೇಳಬೇಕಾದ ಮಾತು. ಕುಂಬಳಕಾಯಿ ಪಕ್ಕ ಇಡಲು ಬ್ಯಾಟರಿ ದೀಪಗಳನ್ನು ಒಂದು ಕಡೆಯಿಂದ ತರಿಸಿದ್ದೆ, 24ಕ್ಕೆ 10 ಡಾಲರ್. ಬೆಂಕಿಯ ಭಯ ಇಲ್ಲ ಅಂತ ನೆಮ್ಮದಿಯಾಗಿದ್ದೆ. ಒಂದು ದೀಪ ಕೈಜಾರಿ ನೆಲಕ್ಕೆ ಬಿದ್ದದ್ದೇ ತಡ, ತಳದ ಮುಚ್ಚಳ ಹಾರಿ ಗುಂಡಿ ಬ್ಯಾಟರಿ ಉರುಳುತ್ತಾ ಸೋಫಾ ಕೆಳಗೆ ಹೋಯಿತು. ಎದೆ ಧಸಕ್ಕೆಂದಿತು. ಈ ಬ್ಯಾಟರಿ ಮಗು ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ತೀವ್ರವಾಗಿ ಸುಡಬಹುದು. ಅಮೆರಿಕದಲ್ಲಿ 2022ರಲ್ಲಿ ಇದಕ್ಕೇ ಕಾನೂನು ಬಂದಿದೆ, ಬ್ಯಾಟರಿಯ ಮುಚ್ಚಳ ಮಕ್ಕಳ ಕೈಗೆ ಸುಲಭವಾಗಿ ತೆರೆಯಬಾರದು. ಅಷ್ಟಾದರೂ ಇಂಥ ಮಾಲು ಬರುತ್ತಿದೆ. ಕೊಳ್ಳುವ ಮುಂಚೆ ಮುಚ್ಚಳಕ್ಕೆ ಸ್ಕ್ರೂ ಇದೆಯಾ ನೋಡಿ. ನಾನು 24ನ್ನೂ ವಾಪಸ್ ಕಳಿಸಿದೆ. ಸ್ಕ್ರೂ ಇರುವ ನಾಲ್ಕೇ ದೀಪ ತಂದು ಎತ್ತರದಲ್ಲಿಟ್ಟೆ, ಸಾಕಾಯಿತು.

ಮುಖಕ್ಕೆ ಹಚ್ಚುವ ಬಣ್ಣವೂ ಬೇಸರ ತಂದಿತು. ಅಗ್ಗದ ಒಂದು ಡಬ್ಬಿ, ಮಗಳ ಕೆನ್ನೆಯಲ್ಲಿ ಹತ್ತು ನಿಮಿಷಕ್ಕೆ ಕೆಂಪು ದದ್ದು. ಹಿಂದಿನ ದಿನ ಮೊಣಕೈ ಒಳಭಾಗಕ್ಕೆ ಹಚ್ಚಿ ನೋಡಿದ್ದಕ್ಕೇ ಉಳಿದ ಮಕ್ಕಳಿಗೆ ಹಚ್ಚಲಿಲ್ಲ ಅಂತ ಹೇಳುವ ಹಾಗಿದ್ದರೆ ಚೆನ್ನಾಗಿತ್ತು, ಆದರೆ ನಾನು ಹಾಗೆ ನೋಡಿರಲಿಲ್ಲ. ನೀವು ನೋಡಿ. ಬೆಕ್ಕಿನ ಮೀಸೆ ಬರೆಯಲು ಊರಿಂದ ತಂದ ಕಾಡಿಗೆ ಇದೆಯಲ್ಲ ಅಂತ ಕೈ ಹೋಗುತ್ತದೆ, ಅದೂ ಬೇಡ. ಕೆಲವು ಕಾಡಿಗೆಗಳಲ್ಲಿ ಸೀಸ ಇರುತ್ತದೆ ಅಂತ ಇಲ್ಲಿನ ಸರ್ಕಾರದ ಆಹಾರ, ಔಷಧ ಇಲಾಖೆ ಎಫ್‌ಡಿಎ ಎಚ್ಚರಿಸಿದೆ. ಕಾಗದದ ಕಿವಿ ಅಂಟಿಸಿದ ಹೇರ್‌ಬ್ಯಾಂಡ್ ಹಾಕಿದರೆ ಮಕ್ಕಳು ಬೆಕ್ಕೇ ಆಗಿಬಿಡುತ್ತಾರೆ.

ಆಟಕ್ಕೆ ಇಲ್ಲಿನ ಭಾರತೀಯ ದಿನಸಿ ಅಂಗಡಿ ಪಟೇಲ್ ಬ್ರದರ್ಸ್‌ನಿಂದ ಅಕ್ಕಿ ಶಾವಿಗೆ, ಸಬ್ಬಕ್ಕಿ ತಂದೆ. ಬೇಯಿಸಿ ಆರಿಸಿ, ಒಳಗೆ ಕಾಣದ ಹಾಗೆ ಶೂ ಡಬ್ಬಿಗೆ ತೂತು ಮಾಡಿ ಬಟ್ಟಲು ಇಡುವುದು. ಕೈ ಹಾಕಿ ಏನು ಅಂತ ಹೇಳಬೇಕು. ಶಾವಿಗೆ ಹುಳು, ಸಬ್ಬಕ್ಕಿ ಕಪ್ಪೆಮೊಟ್ಟೆ. ಒಬ್ಬಳು ಕಪ್ಪೆಮೊಟ್ಟೆಗೆ ಕೈ ಹಾಕಿ ಚೀರಿ ಕೈ ಹೊರಗೆಳೆದಳು. ಬೆರಳಿಗೆ ಅಂಟಿದ್ದನ್ನು ಕಣ್ಣ ಹತ್ತಿರ ಹಿಡಿದು ನೋಡಿ, "ಇದು ನಮ್ಮಜ್ಜಿ ಮಾಡೋ ಪಾಯಸ!" ಅಂತ ಕೂಗಿದಳು. ಮಕ್ಕಳಿಗೆ ಬೇಕಾದ ಹೆದರಿಕೆ ಇಷ್ಟೇ ಅಲ್ವಾ, ಒಂದು ಕ್ಷಣ ಬೆಚ್ಚಿ ಮರುಕ್ಷಣ ನಗುವಷ್ಟು.

ತಿಂಡಿಗೆ ಪುಟ್ಟ ಇಡ್ಲಿಗೆ ಒಣದ್ರಾಕ್ಷಿ ಚೂರಿನ ಕಣ್ಣಿಟ್ಟು ದೆವ್ವ ಮಾಡಿದೆ, ಸುಲಿದ ಕಿತ್ತಳೆಯ ನಡುವೆ ಸೌತೆಕಾಯಿ ತುಂಡು ಸಿಕ್ಕಿಸಿ ಕುಂಬಳಕಾಯಿ ಮಾಡಿದೆ. ಬಟ್ಟಲು ಖಾಲಿ. ಹಸಿ ದ್ರಾಕ್ಷಿ ಇಡುವುದಾದರೆ ಉದ್ದಕ್ಕೆ ಸೀಳಿ ಇಡಿ, ಇಡಿಯಾಗಿ ಕೊಟ್ಟರೆ ಗಂಟಲಿಗೆ ಸಿಗುತ್ತದೆ. ಒಬ್ಬ ಹುಡುಗನಿಗೆ ಕಡಲೆಕಾಯಿ ಆಗುವುದಿಲ್ಲ, ಹಾಗಾಗಿ ಚಟ್ನಿಯಲ್ಲಿ ಕಡಲೆಕಾಯಿ ಬೀಜ ಹಾಕಲಿಲ್ಲ. ಬಾಗಿಲಲ್ಲಿ ಒಂದು ಕಾಯಿಗೆ ಹಸಿರು ಮಿಶ್ರಿತ ನೀಲಿ ಬಣ್ಣ ಹಚ್ಚಿಟ್ಟೆವು. ಇಲ್ಲಿ ತಿನ್ನುವುದು ಬಿಟ್ಟು ಬೇರೆ ಉಡುಗೊರೆಯೂ ಸಿಗುತ್ತದೆ ಅಂತ ಅದರ ಅರ್ಥ. 2014ರಿಂದ ಇದು ದೇಶದ ತುಂಬಾ ನಡೆದಿದೆ. ಸ್ಟಿಕರ್, ಪುಟ್ಟ ಪೆನ್ಸಿಲ್ ಇಟ್ಟಿದ್ದೆ. ಅಲರ್ಜಿ ಇಲ್ಲದ ಮಕ್ಕಳೂ ಕ್ಯಾಂಡಿ ಬಿಟ್ಟು ಪೆನ್ಸಿಲ್ ಆರಿಸಿಕೊಂಡರು.

ವಾಪಸ್ ಕಳಿಸಿದ್ದನ್ನು ಕಳೆದು ಒಟ್ಟು 90 ಡಾಲರಿನ ಒಳಗೆ ಮುಗಿಯಿತು. ಕಿಟ್‌ನ 14 ಡಾಲರ್ ಮಾತ್ರ ಇನ್ನೂ ಹೊಟ್ಟೆ ಉರಿಸುತ್ತದೆ. ಮರುದಿನ ನವೆಂಬರ್ 1. ಡಬ್ಬಿಯಲ್ಲಿ ಹಳದಿ, ಕೆಂಪು ಇನ್ನೂ ಉಳಿದಿತ್ತು. ಮಗಳು ತನ್ನ ಕುಂಬಳಕಾಯಿಯ ಹಿಂದಿನ ಮೈಗೆ ಮೇಲೆ ಹಳದಿ, ಕೆಳಗೆ ಕೆಂಪು ಬಳಿದು, ಅದನ್ನು ತಿರುಗಿಸಿ ಬಾಗಿಲಲ್ಲಿಟ್ಟಳು.