ತೊಗರಿ ಬೀಜಕ್ಕೆ ರೈಜೋಬಿಯಂ: ಎರಡು ವರ್ಷ ಹಚ್ಚಿ ನೋಡಿದ್ದು

ಬೇರಲ್ಲಿ ಗಂಟು ಕಟ್ಟಿಸಿ ಗಿಡಕ್ಕೆ ಸಾರಜನಕ ಒದಗಿಸುವ ಈ ಜೈವಿಕ ಗೊಬ್ಬರಕ್ಕೆ, ಹೋದ ವರ್ಷ ಕೇಳಿದ್ದರೆ ಒಂದೇ ಸ್ಟಾರ್ ಕೊಡುತ್ತಿದ್ದೆ, ಅದೂ ಪುಕ್ಕಟೆ. ಕಲಬುರಗಿ ಗಂಜ್ ಕಡೆಯ ಒಂದು ಅಂಗಡಿಯಿಂದ ತಂದಿದ್ದೆ. ಪಾಕೀಟುಗಳು ಬಾಗಿಲ ಮುಂದೆಯೇ ಬಿಸಿಲಿಗೆ ಬಿದ್ದಿದ್ದವು, ನಮ್ಮ ಮೇ ತಿಂಗಳ ಬಿಸಿಲು ಗೊತ್ತಲ್ಲ. "ಏನೂ ಆಗಲ್ಲ ಅಣ್ಣಾ, ಒಯ್ರಿ" ಅಂದ. ಒಯ್ದೆ. ಒಳಗಿರುವುದು ಜೀವಂತ ಬ್ಯಾಕ್ಟೀರಿಯಾ ಅನ್ನೋದು ಅವನಿಗೂ ಹೊಳೆಯಲಿಲ್ಲ, ನನಗೂ. ಬೇರಲ್ಲಿ ಗಂಟು ಅಲ್ಲೊಂದು ಇಲ್ಲೊಂದು.

ಈ ವರ್ಷ ಬೇರೆ ಕಡೆ, ನೆರಳಲ್ಲಿ ಇಟ್ಟಿದ್ದ, ತಾರೀಖು ಮುಗಿಯದ ಪಾಕೀಟು ಆರಿಸಿ ತಂದೆ. ಎಕರೆಗೆ 5 ಕಿಲೋ ಬೀಜ, ಟಿಎಸ್-3ಆರ್ ತಳಿ. ಮೊದಲು ಕಿಲೋಗೆ 4 ಗ್ರಾಂ ಟ್ರೈಕೋಡರ್ಮಾ (ಗಿಡ ಒಣಗಿಸುವ ನೆಟೆ ರೋಗ ತಡೆಯಲು ಹಚ್ಚುವ ಶಿಲೀಂಧ್ರ). ಆಮೇಲೆ ಬೆಲ್ಲದ ನೀರು ಕುದಿಸಿ, ಪೂರ್ತಿ ಆರಿಸಿ (ಬಿಸಿ ಇದ್ದಾಗಲೇ ಹಾಕಿದರೆ ಅಲ್ಲಿಗೆ ಕತೆ ಮುಗೀತು), ಬೀಜಕ್ಕೆ ಚಿಮುಕಿಸಿ, ರೈಜೋಬಿಯಂ 200 ಗ್ರಾಂ, ರಂಜಕ ಕರಗಿಸುವ ಬ್ಯಾಕ್ಟೀರಿಯಾ ಪಿಎಸ್‌ಬಿ 200 ಗ್ರಾಂ ಹಚ್ಚಿ, ನೆರಳಲ್ಲಿ ಒಣಗಿಸಿ ಅವತ್ತೇ ಬಿತ್ತಿದೆ. ಬೆಲ್ಲ ಜಾಸ್ತಿ ಆಗಿ ಕೂರಿಗೆಯಲ್ಲಿ ಬೀಜ ಅಂಟಿಕೊಂಡಿತು, ತಮ್ಮನಿಂದ ಬೈಸಿಕೊಂಡೆ.

ನಾಲ್ಕು ಸಾಲಿಗೆ ಬೇಕಂತಲೇ ಏನೂ ಹಚ್ಚಿರಲಿಲ್ಲ. 45 ದಿನಕ್ಕೆ ಎರಡೂ ಕಡೆ ಗಿಡ ಅಗೆದೆ. ಅಗೆಯಬೇಕು, ಕೀಳಬಾರದು, ಎರೆ ಮಣ್ಣಲ್ಲಿ ಗಂಟೆಲ್ಲ ಕಳಚಿ ಒಳಗೇ ಉಳಿಯುತ್ತವೆ. ಹೋದ ವರ್ಷ ನಾನು ಕಿತ್ತೇ ನೋಡಿದ್ದು, ಹಾಗಾಗಿ ಆ ಒಂದು ಸ್ಟಾರ್‌ನಲ್ಲಿ ನನ್ನ ತಪ್ಪೂ ಸ್ವಲ್ಪ ಇದೆ. ಹಚ್ಚದ ಸಾಲಲ್ಲೂ ಗಂಟು ಇದ್ದವು, ಮಣ್ಣಲ್ಲಿ ಮೊದಲೇ ಒಂದಿಷ್ಟು ಬ್ಯಾಕ್ಟೀರಿಯಾ ಇರುತ್ತಲ್ವಾ, ಆದರೆ ಸಣ್ಣವು, ಕಡಿಮೆ. ಹಚ್ಚಿದ ಕಡೆ ತಾಯಿಬೇರಿನ ಸುತ್ತ ದಪ್ಪ ಗಂಟು, ಉಗುರಲ್ಲಿ ಸೀಳಿದರೆ ಒಳಗೆ ಗುಲಾಬಿ ಬಣ್ಣ. ಆ ಬಣ್ಣ ಇದ್ದರೆ ಗಾಳಿಯ ಸಾರಜನಕ ಹಿಡಿಯುವ ಕೆಲಸ ನಡೆದಿದೆ ಅಂತ. ಬಿಳಿ, ಹಸಿರು ಇದ್ದರೆ ಕೆಲಸ ಇಲ್ಲ. ಹೂ ಬಿಡುವ ಮುಂಚೆಯೇ ನೋಡಿ.

ನೆಟೆ ರೋಗ ಈ ಸಲ ಬರಲಿಲ್ಲ. ಆದರೆ ತಳಿಯೇ ಅದನ್ನು ತಡೆಯುವಂಥದ್ದು, ಟ್ರೈಕೋಡರ್ಮಾಗೆ ಸುಮ್ನೆ ಹೆಸರು ಕೊಡಲಾರೆ. ಪಿಎಸ್‌ಬಿದೂ ಅಷ್ಟೇ. ಸುಣ್ಣ ಜಾಸ್ತಿ ಇರುವ ನಮ್ಮ ಮಣ್ಣಲ್ಲಿ ರಂಜಕ ಸಿಕ್ಕಿಬೀಳುತ್ತೆ, ಪಿಎಸ್‌ಬಿ ಅದನ್ನು ಬಿಡಿಸುತ್ತೆ ಅನ್ನೋದು ಸರಿ, ಆದರೆ ರಂಜಕ ಇರುವ ಡಿಎಪಿ ಗೊಬ್ಬರ ಎಂದಿನಷ್ಟೇ ಹಾಕಿದ್ದೆ, ಹಾಗಾಗಿ ಫರಕು ಕಣ್ಣಿಗೆ ಕಾಣಲಿಲ್ಲ. ಇವುಗಳ ಜೊತೆ "ಸಾವಯವ" ಅಂತ ಒಂದು ಬಕೆಟ್ ಕರಿ ಗುಳಿಗೆ ತಗುಲಿಹಾಕಲು ನೋಡುತ್ತಾರೆ. ಬೇಡ ಅನ್ನಿ. ಆ ದುಡ್ಡಿಗೆ ಎರಡು ಬಂಡಿ ತಿಪ್ಪೆ ಗೊಬ್ಬರ ಬರುತ್ತೆ.

ರೈಜೋಬಿಯಂಗೆ ನಾಲ್ಕು ಸ್ಟಾರ್. ಐದನೆಯದು ಯಾಕಿಲ್ಲ ಅಂದರೆ, ತಾರೀಖನ್ನು ಬೆರಳು ತಾಗಿದರೆ ಅಳಿಸಿಹೋಗುವ ಮಸಿಯಲ್ಲಿ ಒತ್ತಿದ್ದಾರೆ, ನಾನು ಓದಿದ್ದು ಮೊಬೈಲ್ ಬ್ಯಾಟರಿ ಬೆಳಕಲ್ಲಿ.